'ಬೇಜಾರಾಯ್ತು' ಅಂತ ಇಂಗ್ಲಿಷಲ್ಲಿ ಹೇಳೋದು ಹೇಗೆ?

ಮಾರ್ಚ್ ತಿಂಗಳು ಬಂತು ಅಂದ್ರೆ ನಮ್ಮ ಅರೇಹಳ್ಳಿ ಕಡೆ ಮಾತೆಲ್ಲ ಮಳೆಯದ್ದೇ. ಕಾಫಿ ಗಿಡದ ತುಂಬ ಮೊಗ್ಗು ಕಾದು ಕೂತಿರುತ್ತೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಬೇಕು. ಆಗ ಅಂಗಡಿ ಮುಂದೆ, ಬಸ್‌ಸ್ಟ್ಯಾಂಡಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕಿವಿಗೆ ಬೀಳೋ ಮಾತುಗಳು ಹೀಗಿರುತ್ತವೆ. "ಈ ವಾರನಾದ್ರೂ ಮಳೆ ಬರ್ಲಿ ಅಂತ ಆಸೆ." "ಹೂ ಅರಳಿದ ದಿನವೇ ಸುರಿದು ಎಲ್ಲ ಹಾಳಾಗುತ್ತೇನೋ ಅಂತ ಭಯ." "ಪಕ್ಕದ ಊರಿಗೆ ಬಂತು, ನಮಗೆ ಬರಲಿಲ್ವಲ್ಲ ಅಂತ ಬೇಜಾರು." ಕೊನೆಗೆ ಒಂದು ಸಂಜೆ ಗುಡುಗಿ ಸುರಿದ ಮೇಲೆ, "ಸದ್ಯ, ಮಳೆ ಬಂದಿದ್ದಕ್ಕೆ ಖುಷಿ ಆಯ್ತು."

ನಾನು ಹಲವು ವರ್ಷದಿಂದ ಮನೆಯ ಜಗಲಿಯಲ್ಲಿ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳ್ತೀನಿ. ಹೆಚ್ಚಿನವರು ಕನ್ನಡ ಮಾಧ್ಯಮದವರು, ತೋಟದ ಲೈನ್ ಮನೆಗಳಿಂದ ಬರೋರು, ಸಣ್ಣ ಬೆಳೆಗಾರರ ಮನೆಯವರು. ಪ್ರತಿ ಮಾರ್ಚಿನಲ್ಲಿ ಮೇಲಿನ ನಾಲ್ಕು ವಾಕ್ಯಗಳನ್ನೇ ಬೋರ್ಡಿನ ಮೇಲೆ ಬರೆದು, ಇಂಗ್ಲಿಷಿಗೆ ತನ್ನಿ ಅಂತೀನಿ. ಕಾರಣ ಇದೆ. ಇಂಗ್ಲಿಷ್ ಈ ನಾಲ್ಕಕ್ಕೂ ಒಂದೇ ಕೊಂಡಿ ಹಾಕುತ್ತೆ: 'ದಟ್'. ಐ ಹೋಪ್ ದಟ್. ಐ ಆ್ಯಮ್ ಅಫ್ರೇಡ್ ದಟ್. ಐ ಆ್ಯಮ್ ಡಿಸಪಾಯಿಂಟೆಡ್ ದಟ್. ಐ ಆ್ಯಮ್ ಗ್ಲ್ಯಾಡ್ ದಟ್. ನಮ್ಮಲ್ಲೋ ನಾಲ್ಕೂ ಬೇರೆ ಬೇರೆ. 'ಬರ್ಲಿ ಅಂತ', 'ಆಗುತ್ತೇನೋ ಅಂತ', 'ಬರಲಿಲ್ವಲ್ಲ ಅಂತ', 'ಬಂದಿದ್ದಕ್ಕೆ'.

ಮಕ್ಕಳು ಇಲ್ಲಿ ಎಡವೋದನ್ನ ನೋಡಿ 'ಗ್ರಾಮರ್ ವೀಕು' ಅಂದುಬಿಡ್ತಾರೆ. ನನಗೆ ಹಾಗನ್ನಿಸೋದಿಲ್ಲ. ಅವರು ಕನ್ನಡದ ವ್ಯಾಕರಣವನ್ನ ಬಲು ನಿಷ್ಠೆಯಿಂದ ಇಂಗ್ಲಿಷಿಗೆ ಹೊತ್ತುಕೊಂಡು ಹೋಗ್ತಿರ್ತಾರೆ, ಅಷ್ಟೆ. 'ಬಂದಿದ್ದಕ್ಕೆ' ಎಂಬುದರ ಕೊನೆಯಲ್ಲಿ ಒಂದು 'ಕ್ಕೆ' ಇದೆ. ಶಾಲೆಯಲ್ಲಿ 'ಕ್ಕೆ' ಅಂದ್ರೆ 'ಫಾರ್' ಅಂತ ಕಲಿತಿರ್ತಾರೆ. ಹಾಗಾಗಿ "ಐ ಆ್ಯಮ್ ಹ್ಯಾಪಿ ಫಾರ್ ಯು ಕೇಮ್" ಅಂತ ಬರುತ್ತೆ. ಆ ಮಗು ಒಂದೂ ಅಕ್ಷರ ಬಿಡದೆ ಅನುವಾದ ಮಾಡಿದೆ ನೋಡಿ! ಆದರೆ ಇಂಗ್ಲಿಷಿನ ನಿಯಮ ಬೇರೆ. 'ಆಫ್', 'ಅಟ್', 'ಅಬೌಟ್', 'ಫಾರ್' ಇವುಗಳ ಹಿಂದೆ ಹೆಸರು ಬರಬಹುದು, ಪೂರ್ತಿ ವಾಕ್ಯ ಹಾಗೇ ಬಂದು ಕೂರೋ ಹಾಗಿಲ್ಲ. ವಾಕ್ಯ ಬರಬೇಕಾದರೆ ಆ ಚಿಕ್ಕ ಪದ ಜಾಗ ಬಿಟ್ಟು ಹೋಗಬೇಕು, ಅಲ್ಲಿಗೆ 'ದಟ್' ಬರಬೇಕು. 'ಪ್ರೌಡ್ ಆಫ್ ಮೈ ಡಾಟರ್' ಸರಿ. 'ಪ್ರೌಡ್ ದಟ್ ಮೈ ಡಾಟರ್ ಪಾಸ್ಡ್' ಸರಿ. 'ಪ್ರೌಡ್ ಆಫ್ ದಟ್ ಮೈ ಡಾಟರ್ ಪಾಸ್ಡ್' ಅನ್ನೋದು ಮಾತ್ರ ಎರಡೂ ದೋಣಿಯಲ್ಲಿ ಕಾಲಿಟ್ಟ ಹಾಗೆ.

ಇದಕ್ಕೆ ನಮ್ಮೂರಿನಲ್ಲಿ ಒಂದು ಖಾಯಂ ಉದಾಹರಣೆ ಇದೆ. ಕನ್ನಡದ ಮೊದಲ ಶಾಸನ ಅಂತ ಬಹುಕಾಲದಿಂದ ಪಾಠದಲ್ಲಿ ಓದಿಕೊಂಡು ಬಂದಿರೋ, ಸುಮಾರು ಕ್ರಿ.ಶ. 450ರದ್ದು ಎನ್ನುವ ಹಲ್ಮಿಡಿ ಶಾಸನ ಸಿಕ್ಕಿದ್ದು ನಮ್ಮ ಬೇಲೂರು ತಾಲ್ಲೂಕಿನಲ್ಲೇ. ನವೆಂಬರ್ ಬಂದರೆ 'ನಮ್ಮ ತಾಲ್ಲೂಕು' ಅಂತ ಪ್ರಬಂಧ ಬರೆಯೋದು ತಪ್ಪಿದ್ದಲ್ಲ. "ಹಲ್ಮಿಡಿ ಶಾಸನ ನಮ್ಮ ತಾಲ್ಲೂಕಿನಲ್ಲಿ ಸಿಕ್ಕಿತು ಅನ್ನೋದು ನಮಗೆ ಹೆಮ್ಮೆ." ಇದು ಇಂಗ್ಲಿಷಿಗೆ ಹೋಗುವಾಗ ಹತ್ತರಲ್ಲಿ ಏಳು ಮಂದಿ 'ಪ್ರೌಡ್ ಆಫ್' ಅಂತ ಶುರು ಮಾಡಿ, ಮುಂದೆ ಇಡೀ ವಾಕ್ಯ ತುರುಕಿ, ಉಸಿರುಗಟ್ಟಿ ನಿಲ್ತಾರೆ. "ವಿ ಆರ್ ಪ್ರೌಡ್ ದಟ್ ದ ಹಲ್ಮಿಡಿ ಇನ್‌ಸ್ಕ್ರಿಪ್ಷನ್ ವಾಸ್ ಫೌಂಡ್ ಇನ್ ಅವರ್ ತಾಲೂಕ್" ಅಂದ್ರೆ ಮುಗೀತು. 'ಆಫ್' ಬೇಕೇ ಬೇಕು ಅನ್ನೋರು 'ಪ್ರೌಡ್ ಆಫ್ ದ ಹಲ್ಮಿಡಿ ಇನ್‌ಸ್ಕ್ರಿಪ್ಷನ್' ಅಂತ ಅಲ್ಲಿಗೇ ನಿಲ್ಲಿಸಬೇಕು.

ಕೆಲವರು ಜಾಣರು. ಎಲ್ಲ ಕಡೆಗೂ 'ಬಿಕಾಸ್' ಹಾಕಿ ಪಾರಾಗ್ತಾರೆ. 'ಐ ಆ್ಯಮ್ ಹ್ಯಾಪಿ ಬಿಕಾಸ್ ಯು ಕೇಮ್' ತಪ್ಪಲ್ಲ. ಆದರೆ ಭಯದ ವಿಷಯದಲ್ಲಿ ಈ ಜಾಣತನ ಕೈಕೊಡುತ್ತೆ. ನಮ್ಮ ಕಡೆ ಕಾಡಾನೆ ಕಾಟ ಎಷ್ಟು ಅಂತ ಹಾಸನ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. "ಆನೆ ಬರುತ್ತೇನೋ ಅಂತ ಭಯ" ಅನ್ನೋದನ್ನ 'ಅಫ್ರೇಡ್ ಬಿಕಾಸ್' ಅಂತ ಬರೆದರೆ ಆನೆ ಬರೋದು ಖಚಿತ, ಅದಕ್ಕೇ ಹೆದರಿದ್ದೀನಿ ಅಂತಾಗುತ್ತೆ. 'ಅಫ್ರೇಡ್ ದಟ್' ಅಂದ್ರೆ ಬರಬಹುದು, ಬರದೇನೂ ಇರಬಹುದು. ನಮ್ಮ 'ಏನೋ' ಅನ್ನೋ ಅನುಮಾನ ಅಲ್ಲಿ 'ಅಫ್ರೇಡ್' ಎಂಬ ಪದದೊಳಗೇ ಅಡಗಿ ಕೂತಿದೆ.

ಇದೇ ನನಗೆ ಮುಖ್ಯ ಅನ್ನಿಸೋ ಸಂಗತಿ. ಕನ್ನಡದಲ್ಲಿ ನಮ್ಮ ಮನಸ್ಸಿನ ಬಣ್ಣ ಕ್ರಿಯಾಪದದ ಬಾಲದಲ್ಲಿರುತ್ತೆ. 'ಬರಲಿ' ಅಂದಾಗಲೇ ಆಸೆ ಗೊತ್ತಾಯ್ತು. 'ಬರುತ್ತೇನೋ' ಅಂದಾಗಲೇ ಅಳುಕು ಗೊತ್ತಾಯ್ತು. 'ಬರಲಿಲ್ವಲ್ಲ' ಅಂದಾಗ ನಿಟ್ಟುಸಿರು ಕೇಳಿಸಿತು. ಆಮೇಲೆ ಬರೋ 'ಆಸೆ', 'ಭಯ', 'ಬೇಜಾರು' ಅದಕ್ಕೆ ಹಾಕಿದ ಮುದ್ರೆ ಮಾತ್ರ. ಎಷ್ಟೋ ಸಲ ಅದನ್ನ ನಾವು ಹೇಳೋದೂ ಇಲ್ಲ. "ಹೀಗಾಯ್ತಲ್ಲ..." ಅಂತ ನಿಲ್ಲಿಸಿಬಿಡ್ತೀವಿ, ಕೇಳಿದವರಿಗೆ ಎಲ್ಲ ಅರ್ಥವಾಗುತ್ತೆ. ಇಂಗ್ಲಿಷಿನ 'ದಟ್' ಹಿಂದೆ ಬರುವ ವಾಕ್ಯಕ್ಕೆ ಸಾಮಾನ್ಯವಾಗಿ ಇಂಥ ಬಾಲ ಇಲ್ಲ. 'ಇಟ್ ಡಿಡ್ ನಾಟ್ ರೇನ್' ಅನ್ನೋದು ಒಣ ಸುದ್ದಿ. ಬಣ್ಣವೆಲ್ಲ ಮುಂದಿನ ಪದಕ್ಕೇ ಬಳಿಯಬೇಕು: ಗ್ಲ್ಯಾಡ್, ರಿಲೀವ್ಡ್, ಡಿಸಪಾಯಿಂಟೆಡ್, ವರೀಡ್. ಬಾಲದಲ್ಲಿದ್ದ ಭಾರವನ್ನ ಇಳಿಸಿ ತಲೆಗೆ ಹೊರಿಸೋ ಕೆಲಸ ಇದು. ಇಷ್ಟು ಹೇಳಿಕೊಟ್ಟರೆ ಎಂಟನೇ ಕ್ಲಾಸಿನ ಮಕ್ಕಳೂ ಪಟ್ ಅಂತ ಹಿಡೀತಾರೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಆಳದ್ದು. 'ದಟ್' ಹುಟ್ಟಿದ್ದು 'ಅದು' ಅಂತ ಬೆರಳು ಮಾಡಿ ತೋರಿಸೋ ಪದದಿಂದ. ನಮ್ಮ 'ಎಂದು', 'ಅಂತ' ಹುಟ್ಟಿದ್ದು 'ಎನ್ನು', 'ಅನ್ನು' ಅನ್ನೋ ಕ್ರಿಯಾಪದದಿಂದ, ಅಂದರೆ ಮಾತಾಡೋದರಿಂದ. ಇಂಗ್ಲಿಷ್ ಸಂಗತಿಯ ಕಡೆ ಕೈ ತೋರಿಸುತ್ತೆ. ಕನ್ನಡ ಮನಸ್ಸಿನ ಮಾತನ್ನ ಹೇಳಿಸುತ್ತೆ. ಇದು ಕನ್ನಡದ್ದೊಂದೇ ಗುಣ ಅಲ್ಲ. ತೆಲುಗಿನ 'ಅನಿ', ತಮಿಳಿನ 'ಎಂಡ್ರು', ಮರಾಠಿಯ 'ಮ್ಹಣೂನ್' ಎಲ್ಲ ಹೀಗೆ 'ಹೇಳು' ಅನ್ನೋ ಪದದ ಮಕ್ಕಳೇ. ನಮ್ಮ ಕಡೆಯ ದಖನಿ ಉರ್ದು ಕೇಳಿ ನೋಡಿ, 'ಆತಾ ಬೋಲ್‌ಕೆ' ಅಂತಾರೆ. 'ಬರ್ತಾನೆ ಅಂತ' ಅನ್ನೋದರ ಪಡಿಯಚ್ಚು. ಸಂಸ್ಕೃತದ 'ಇತಿ' ಕೂಡ ಇದೇ ಕೆಲಸ ಮಾಡುತ್ತೆ. ಭಾಷಾವಿಜ್ಞಾನಿ ಎಮಿನೊ 1956ರಲ್ಲಿ ಭಾರತವನ್ನೇ ಒಂದು 'ಭಾಷಿಕ ಪ್ರದೇಶ' ಎಂದು ಕರೆದರು. ಬೇರೆ ಬೇರೆ ಕುಲದ ಭಾಷೆಗಳು ನೆರೆಹೊರೆಯಲ್ಲಿದ್ದು ಒಂದರ ಗುಣ ಇನ್ನೊಂದಕ್ಕೆ ಅಂಟಿಕೊಂಡಿದೆ ಅನ್ನೋ ವಾದ ಅದು. ಕೈಪರ್ ಎಂಬ ಡಚ್ ವಿದ್ವಾಂಸರು 1967ರಲ್ಲಿ ಆ ಗುಣಗಳ ಸಾಲಿಗೆ ಈ 'ಇತಿ' ಬಳಕೆಯನ್ನೂ ಸೇರಿಸಿ ಬರೆದರು. ನಮ್ಮ ಬೀದಿಯ 'ಬೋಲ್‌ಕೆ' ಅಷ್ಟು ದೂರದ ಕಥೆಯ ಒಂದು ತುಣುಕು.

ಹೇಳಿಸೋದಕ್ಕೂ ತೋರಿಸೋದಕ್ಕೂ ಇರೋ ಈ ವ್ಯತ್ಯಾಸ ಬರೀ ಪುಸ್ತಕದ್ದಲ್ಲ. ಎರಡು ವರ್ಷದ ಹಿಂದೆ ನನ್ನ ಹತ್ತಿರ ಬರ್ತಿದ್ದ ಪಿಯುಸಿ ಹುಡುಗನೊಬ್ಬನ ಮನೆಯಲ್ಲಿ ಇದರಿಂದ ಒಂದು ರಾತ್ರಿ ಗಾಬರಿಯೇ ಆಗಿಹೋಯ್ತು.

ಅವನ ಅಪ್ಪ ಒಂದು ಎಸ್ಟೇಟಿನಲ್ಲಿ ಜೀಪ್ ಡ್ರೈವರ್. ಎದೆನೋವು ಬಂತು, ಹಾಸನಕ್ಕೆ ಕರಕೊಂಡು ಹೋದ್ರು, ಆಪರೇಷನ್ ಆಗಬೇಕು ಅಂದ್ರು. ಆ ಮನುಷ್ಯ ಹಠ ಹಿಡಿದು ಮನೆಗೆ ವಾಪಸ್ ಬಂದ. "ಟೇಬಲ್ ಮೇಲೇ ಹೋಗ್ಬಿಡ್ತೀನೇನೋ ಅಂತ ಭಯ ಕಣೋ" ಅಂತ ಮಗನ ಹತ್ತಿರ ಹೇಳಿಕೊಂಡು ಅತ್ತನಂತೆ. ಹುಡುಗನಿಗೆ ಪುಣೆಯಲ್ಲಿ ದೊಡ್ಡಪ್ಪನ ಮಗಳು ಇದ್ದಾಳೆ. ಅಲ್ಲೇ ಹುಟ್ಟಿ ಬೆಳೆದೋಳು. ಕನ್ನಡ ಮಾತಾಡ್ತಾಳೆ, ಓದೋಕೆ ಬರಲ್ಲ. ಅಪ್ಪನಿಗೆ ಅವಳ ಮಾತು ಅಂದ್ರೆ ಆಯ್ತು. ಫೋನು ಹತ್ತಲಿಲ್ಲ, ನಮ್ಮ ಕಡೆ ಸಿಗ್ನಲ್ಲಿನ ಕಥೆ ಗೊತ್ತಲ್ಲ. ರಾತ್ರಿ ಇಂಗ್ಲಿಷಿನಲ್ಲಿ ಮೆಸೇಜ್ ಹಾಕಿದ. "ಅಪ್ಪ ಈಸ್ ಅಫ್ರೇಡ್ ದಟ್ ಐ ವಿಲ್ ಡೈ. ಸೋ ಹಿ ಈಸ್ ನಾಟ್ ಅಗ್ರೀಯಿಂಗ್ ಫಾರ್ ಆಪರೇಷನ್."

ಓದಿದ ಅಕ್ಕನ ಸ್ಥಿತಿ ಊಹಿಸಿಕೊಳ್ಳಿ. ಹುಡುಗನಿಗೇ ಏನೋ ದೊಡ್ಡ ಕಾಯಿಲೆ, ಆಪರೇಷನ್ ಮಾಡಿಸಿದ್ರೆ ಹುಡುಗ ಉಳಿಯಲ್ಲ ಅಂತ ಚಿಕ್ಕಪ್ಪ ಹೆದರಿ ಕೂತಿದ್ದಾರೆ! ಅವಳು ತನ್ನ ಅಪ್ಪ ಅಮ್ಮನನ್ನ ಎಬ್ಬಿಸಿ, ಬಸ್ ಟಿಕೆಟ್ ಹುಡುಕಿ, ಬೆಳಗಿನ ಜಾವ ಯಾರದ್ದೋ ಲ್ಯಾಂಡ್‌ಲೈನಿಗೆ ಫೋನ್ ಮಾಡಿ, "ಅವನಿಗೇನಾಯ್ತು?" ಅಂತ ಅತ್ತಳು. "ಅವನಿಗೇನಾಗಿದೆ, ಇಲ್ಲೇ ಹಾಲು ತರೋಕೆ ಹೋದ" ಅಂದ್ರಂತೆ ಪಕ್ಕದ ಮನೆಯವರು.

ಹುಡುಗ ಮಾಡಿದ್ದಾದರೂ ಏನು? ಅಪ್ಪ ಏನಂದನೋ ಅದನ್ನೇ ಬರೆದಿದ್ದಾನೆ. "ನಾನು ಸತ್ತು ಹೋಗ್ತೀನೇನೋ ಅಂತ ಅಪ್ಪಂಗೆ ಭಯ." ಈ ಕನ್ನಡ ವಾಕ್ಯದಲ್ಲಿ 'ನಾನು' ಯಾರು? ಅಪ್ಪ ಆಗಬಹುದು. ಹೇಳ್ತಿರೋ ಮಗನೂ ಆಗಬಹುದು. ಆದರೆ ಸಂದರ್ಭ ಗೊತ್ತಿದ್ದೋರಿಗೆ ಅಪ್ಪನೇ ಅಂತ ತಕ್ಷಣ ಹೊಳೆಯುತ್ತೆ, ಯಾಕಂದ್ರೆ 'ಅಂತ' ಅನ್ನೋದು ಅಪ್ಪನ ಬಾಯಿಂದ ಬಂದ ಮಾತನ್ನ ಹಾಗೇ ಎತ್ತಿ ತಂದಿದೆ. ಬರವಣಿಗೆಯ ಕನ್ನಡದಲ್ಲಿ 'ತಾನು' ಅನ್ನೋ ಪದ ಇಂಥ ಹೊತ್ತಿಗೇ ಇರೋದು: 'ತಾನು ಸಾಯುವೆನೇನೋ ಎಂದು ತಂದೆಗೆ ಭಯ.' ಮಾತಿನಲ್ಲಿ ನಾವು ಅದನ್ನ ಬಿಟ್ಟುಬಿಟ್ಟಿದ್ದೀವಿ. ಇಂಗ್ಲಿಷಿನ 'ದಟ್' ಮುಂದೆ ಈ ಅನುಕೂಲ ಇಲ್ಲ. ಅಲ್ಲಿ 'ಐ' ಅಂದ್ರೆ ಬರೆಯುತ್ತಿರುವವನು, ಮತ್ಯಾರೂ ಅಲ್ಲ. "ಅಪ್ಪ ಈಸ್ ಅಫ್ರೇಡ್ ದಟ್ ಹಿ ವಿಲ್ ಡೈ" ಅಂತಲೇ ಬರೀಬೇಕಿತ್ತು.

ಕಾಲದ ಕಥೆಯೂ ಹೀಗೇ. "ಅವತ್ತು ಅಪ್ಪ ಒಪ್ಪಲ್ಲ ಅಂತ ಹೆದರಿದ್ದೆ" ಅಂತೀವಿ. ಹೆದರಿದ್ದು ನಿನ್ನೆಯ ಕಥೆ, 'ಒಪ್ಪಲ್ಲ' ಅನ್ನೋದು ಮಾತ್ರ ಅವತ್ತು ಮನಸ್ಸಿನಲ್ಲಿ ಹೇಗಿತ್ತೋ ಹಾಗೇ ಉಳಿದಿದೆ. ಇಂಗ್ಲಿಷಿನಲ್ಲಿ ಮುಂದಿನ ಕ್ರಿಯಾಪದ ಹಿಂದೆ ಸರಿದರೆ ಹಿಂದಿನದ್ದೂ ಜೊತೆಗೆ ಸರಿಯಬೇಕು. 'ಐ ವಾಸ್ ಅಫ್ರೇಡ್ ದಟ್ ಹಿ ವುಡ್ ನಾಟ್ ಅಗ್ರೀ.' 'ವಿಲ್ ನಾಟ್' ಅಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳು ರಿಪೋರ್ಟೆಡ್ ಸ್ಪೀಚ್ ಪಾಠದಲ್ಲಿ ಇದನ್ನ ಬಾಯಿಪಾಠ ಮಾಡಿರ್ತಾರೆ. 'ಸೆಡ್ ದಟ್' ಕಂಡರೆ 'ವುಡ್' ಹಾಕ್ತಾರೆ, 'ಅಫ್ರೇಡ್ ದಟ್' ಕಂಡರೆ ಮರೀತಾರೆ. ಎರಡೂ ಒಂದೇ ಮನೆತನ ಅಂತ ಪಾಠದಲ್ಲಿ ಯಾರಾದರೂ ಒಂದು ಸಾಲು ಹೇಳಿದ್ರೆ ಚೆನ್ನಾಗಿತ್ತು.

ಅಂದಹಾಗೆ ಆ ತಪ್ಪು ಮೆಸೇಜಿನಿಂದ ಒಂದು ಒಳ್ಳೇದೂ ಆಯ್ತು. ಗಾಬರಿಯಲ್ಲಿ ಫೋನ್ ಮಾಡಿದ ಅಕ್ಕ ವಿಷಯ ತಿಳಿದ ಮೇಲೆ ನೇರವಾಗಿ ಚಿಕ್ಕಪ್ಪನ ಹತ್ತಿರವೇ ಅರ್ಧ ಗಂಟೆ ಮಾತಾಡಿದಳು. ಆಪರೇಷನ್ ಆಯ್ತು. ಈಗ ಜೀಪ್ ಬಿಟ್ಟು ಗೋಡೌನಿನಲ್ಲಿ ಲೆಕ್ಕ ಬರೀತಾರೆ.

ಇನ್ನು 'ಬಂದಿದ್ದಕ್ಕೆ' ಅನ್ನೋ ರೂಪಕ್ಕೂ 'ಬರ್ತಾರೆ ಅಂತ' ಅನ್ನೋದಕ್ಕೂ ಇರೋ ವ್ಯತ್ಯಾಸ. "ಅಕ್ಕ ಬರ್ತಾಳೆ ಅಂತ ಖುಷಿ ಆಯ್ತು." ಅಕ್ಕ ಬಂದಳಾ? ಗೊತ್ತಿಲ್ಲ. ಕೊನೇ ಗಳಿಗೆಯಲ್ಲಿ ಬಸ್ಸು ತಪ್ಪಿರಬಹುದು. "ಅಕ್ಕ ಬಂದಿದ್ದಕ್ಕೆ ಖುಷಿ ಆಯ್ತು." ಬಂದಿದ್ದು ನಿಜ. ಇದನ್ನ ಪರೀಕ್ಷೆ ಮಾಡೋಕೆ ಒಂದು ಸುಲಭ ಉಪಾಯ ಇದೆ. ವಾಕ್ಯವನ್ನ ಇಲ್ಲ ಮಾಡಿ ನೋಡಿ. "ಅವನು ಕೆಲಸ ಬಿಟ್ಟು ಹೋಗಿದ್ದಕ್ಕೆ ನನಗೇನೂ ಬೇಜಾರಿಲ್ಲ." ಬೇಜಾರು ಇಲ್ಲ ಅಂದರೂ ಅವನು ಬಿಟ್ಟು ಹೋಗಿದ್ದು ಹೋಗಿದ್ದೇ! 'ಐ ಆ್ಯಮ್ ನಾಟ್ ಸಾರಿ ದಟ್ ಹಿ ಲೆಫ್ಟ್' ಅಂದಾಗಲೂ ಹಾಗೇ. ಪಾಲ್ ಕಿಪಾರ್ಸ್ಕಿ, ಕ್ಯಾರೊಲ್ ಕಿಪಾರ್ಸ್ಕಿ ಅನ್ನೋ ಇಬ್ಬರು 1970ರಲ್ಲಿ 'ಫ್ಯಾಕ್ಟ್' ಅಂತ ಒಂದು ಪ್ರಬಂಧ ಬರೆದು ಈ ಗುಣವನ್ನ ವಿವರಿಸಿದರು. ಕೆಲವು ಪದಗಳು ತಮ್ಮ ಹಿಂದಿನ ವಾಕ್ಯ ನಿಜ ಅಂತ ಮೊದಲೇ ಒಪ್ಪಿಕೊಂಡೇ ಮಾತು ಶುರು ಮಾಡುತ್ತವೆ ಅನ್ನೋದು ಅದರ ಸಾರ. ಗ್ಲ್ಯಾಡ್, ಸಾರಿ, ಪ್ರೌಡ್ ಆ ಗುಂಪಿನವು. ಅಫ್ರೇಡ್, ಹೋಪ್, ವರೀಡ್ ಆ ಗುಂಪಿನವಲ್ಲ. ಕನ್ನಡದ ಮಕ್ಕಳಿಗೆ ಇದನ್ನ ಹೊಸದಾಗಿ ಕಲಿಸಬೇಕಾಗಿಲ್ಲ. 'ದ್ದಕ್ಕೆ' ಹೊಂದುತ್ತಾ, 'ಏನೋ ಅಂತ' ಹೊಂದುತ್ತಾ ಅಂತ ಕೇಳಿದ್ರೆ ಸಾಕು, ಅವರೇ ವಿಂಗಡಿಸ್ತಾರೆ. ಕನ್ನಡವನ್ನ ಕನ್ನಡದ ಕಣ್ಣಿನಿಂದಲೇ ನೋಡಬೇಕು ಅಂತ ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಅಂತ ಪುಸ್ತಕವನ್ನೇ ಬರೆದರು. ಅವರ ಎಲ್ಲ ವಾದಕ್ಕೂ ನಾನು ತಲೆದೂಗಲಾರೆ, ಅವರ ಬರವಣಿಗೆಯ ಸುಧಾರಣೆ ನನಗಿನ್ನೂ ಒಗ್ಗಿಲ್ಲ. ಆದರೆ ಇಂಗ್ಲಿಷ್ ಕಲಿಸೋಕೂ ಮೊದಲು ಕನ್ನಡದ ವಾಕ್ಯ ಹೇಗೆ ಕೆಲಸ ಮಾಡುತ್ತೆ ಅಂತ ಮೇಷ್ಟ್ರಿಗೆ ಗೊತ್ತಿರಬೇಕು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ.

ಒಂದು ಪದದ ಬಗ್ಗೆ ಎಚ್ಚರ ಹೇಳಲೇಬೇಕು. ಅದು 'ಅಫ್ರೇಡ್'. ಎದುರು ಮನೆಯ ಅಜ್ಜಿಯ ಮೊಮ್ಮಗಳು ಹೊರಗಿನ ಒಂದು ಕಾಲೇಜಿಗೆ ಅರ್ಜಿ ಹಾಕಿದ್ದಳು. ಉತ್ತರ ಬಂತು: "ವಿ ಆರ್ ಅಫ್ರೇಡ್ ದಟ್ ಆಲ್ ಸೀಟ್ಸ್ ಹ್ಯಾವ್ ಬೀನ್ ಫಿಲ್ಡ್." ಹುಡುಗಿ ಓದಿ ಕನ್ನಡದಲ್ಲಿ ಹೇಳಿದಳು. ಅಜ್ಜಿ ಕೇಳಿದ್ರು, "ಸೀಟು ಭರ್ತಿಯಾದ್ರೆ ಅವರ್ಯಾಕೆ ಹೆದರ್ಬೇಕವ್ವಾ? ಹೆದರೋರು ನಾವಲ್ವಾ?" ಎಷ್ಟು ಸರಿಯಾದ ಪ್ರಶ್ನೆ! ಇಲ್ಲಿ ಯಾರೂ ಹೆದರಿಲ್ಲ. ಕೆಟ್ಟ ಸುದ್ದಿ ಹೇಳೋ ಮುಂಚೆ ಇಂಗ್ಲಿಷಿನವರು ಹಾಕೋ ಮೆತ್ತೆ ಅದು. 'ದಯವಿಟ್ಟು ಬೇಜಾರು ಮಾಡ್ಕೋಬೇಡಿ, ಆದರೆ' ಅಂತ ನಾವು ಶುರು ಮಾಡ್ತೀವಲ್ಲ, ಹಾಗೆ. ಇಂಥ ಕಡೆ ಹಿಂದೆ ಬರೋ ವಾಕ್ಯ ಅನುಮಾನದ್ದಲ್ಲ, ನಡೆದುಹೋದದ್ದೇ. ಆಫೀಸಿನ ಕಾಗದದಲ್ಲಿ 'ಅಫ್ರೇಡ್ ದಟ್' ಕಂಡರೆ ಭಯ ಹುಡುಕಬೇಡಿ, 'ಇಲ್ಲ' ಅನ್ನೋದನ್ನ ಹುಡುಕಿ.

'ಸಾರಿ' ಇದರ ಅಕ್ಕ. ನಮಗೆ 'ಸಾರಿ' ಅಂದ್ರೆ ಕ್ಷಮೆ ಕೇಳೋದು. ಕಾಲು ತುಳಿದರೆ ಸಾರಿ, ಲೇಟಾದರೆ ಸಾರಿ. ಸಹಪಾಠಿಯ ಅಜ್ಜ ತೀರಿಕೊಂಡಾಗ "ಐ ಆ್ಯಮ್ ಸಾರಿ ದಟ್ ಯುವರ್ ಗ್ರ್ಯಾಂಡ್‌ಫಾದರ್ ಪಾಸ್ಡ್ ಅವೇ" ಅಂತ ಬರೆಯೋಣ ಅಂದ್ರೆ ಒಬ್ಬಳು ಪೆನ್ನು ಕೆಳಗಿಟ್ಟು, "ನಾವೇನು ಮಾಡಿದ್ವಿ ಮಿಸ್?" ಅಂದಳು. ಇಂಗ್ಲಿಷಿನ ಸಾರಿ ಮೊದಲು ನೋವು, ಆಮೇಲೆ ಕ್ಷಮೆ. ಬೇರೆಯವರ ಕಷ್ಟಕ್ಕೆ ಮರುಗಿದರೂ ಸಾರಿ, ನಮ್ಮ ತಪ್ಪಿಗೆ ನೊಂದರೂ ಸಾರಿ. 'ಸಾರಿ ದಟ್' ಹಿಂದೆ 'ಐ' ಬಂದರೆ ಸಾಮಾನ್ಯವಾಗಿ ಕ್ಷಮೆ, ಬೇರೆಯವರ ಸಂಗತಿ ಬಂದರೆ ಮರುಕ. ಇಷ್ಟು ಗೊತ್ತಿದ್ದರೆ ಸಾಂತ್ವನದ ಪತ್ರ ಬರೆಯೋಕೆ ಹೆದರಬೇಕಾಗಿಲ್ಲ. ದೂರದೂರಿನಲ್ಲಿ ಮಕ್ಕಳಿರೋ ಮನೆಗಳಲ್ಲಿ ಈಗ ಸಾವಿನ ಸುದ್ದಿಗೂ ವಾಟ್ಸ್ಯಾಪಿನಲ್ಲಿ ಇಂಗ್ಲಿಷಿನಲ್ಲೇ ಉತ್ತರ ಬರೆಯೋ ಕಾಲ. ಅಲ್ಲಿ 'ಆರ್‌ಐಪಿ' ಅಂತ ಮೂರಕ್ಷರ ಒಗೆಯೋದಕ್ಕಿಂತ ಒಂದು ಪೂರ್ತಿ ವಾಕ್ಯ ಬರೆದರೆ ಎಷ್ಟೋ ಮೇಲು.

ಬೇಜಾರಿಗೆ ಬರೋಣ. ಪಾರ್ಸಿಯಿಂದ ಬಂದು ನಮ್ಮ ಮನೆಯವನೇ ಆಗಿಹೋದ ಪದ ಅದು. 'ಖುಷಿ'ಯೂ ಅಲ್ಲಿಂದಲೇ ಬಂದದ್ದು. ನಮ್ಮ ನಿತ್ಯದ ಸುಖದುಃಖ ಎರಡನ್ನೂ ಹೊರಗಿನಿಂದ ತಂದ ಪದದಲ್ಲಿ ಹೇಳಿಕೊಳ್ತಿದ್ದೀವಿ, ಇರಲಿ. 'ಬೇಜಾರು' ಎಷ್ಟೊಂದು ಕೆಲಸ ಮಾಡುತ್ತೆ ನೋಡಿ. ಮದುವೆಗೆ ಕರೆಯಲಿಲ್ಲ ಅಂತ ಬೇಜಾರು: ಹರ್ಟ್. ಮಾರ್ಕು ಕಡಿಮೆ ಬಂತು ಅಂತ ಬೇಜಾರು: ಡಿಸಪಾಯಿಂಟೆಡ್. ಹೇಳಿದ ಮಾತು ಕೇಳಲ್ಲ ಅಂತ ಬೇಜಾರು: ಅನಾಯ್ಡ್. ಅಜ್ಜಿ ಹೋದ್ರು ಅಂತ ಬೇಜಾರು: ಸ್ಯಾಡ್. ಭಾನುವಾರ ಕರೆಂಟಿಲ್ಲದೆ ಬೇಜಾರು: ಬೋರ್ಡ್, ಮತ್ತು ಇದರ ಹಿಂದೆ 'ದಟ್' ಹಾಕೋ ಹಾಗಿಲ್ಲ, 'ವಿತ್' ಬೇಕು. ಮಕ್ಕಳ ಕೈಯಲ್ಲಿ ಇರೋ ಇಂಗ್ಲಿಷ್ ಪದ ಮೂರೇ. ಹ್ಯಾಪಿ, ಸ್ಯಾಡ್, ಆ್ಯಂಗ್ರಿ. ಹಾಗಾಗಿ ಗೆಳತಿ ಬರ್ತ್‌ಡೇಗೆ ಬರಲಿಲ್ಲ ಅಂದರೂ 'ಸ್ಯಾಡ್', ಅಜ್ಜಿ ಹೋದರೂ 'ಸ್ಯಾಡ್'. ಬಾಲದಿಂದ ಇಳಿಸಿದ ಭಾರ ಹೊರೋಕೆ ತಲೆಗಳು ಸಾಲದು. ಅಮ್ಮಂದಿರು ಮನೆಯಲ್ಲೇ ಮಾಡಬಹುದಾದ ಕೆಲಸ ಇದು. ಮಗು 'ಬೇಜಾರು' ಅಂದಾಗ 'ಎಂಥ ಬೇಜಾರು?' ಅಂತ ಕೇಳಿ. ಇಂಗ್ಲಿಷಿಗೂ ಆಯ್ತು, ಮಗುವಿಗೂ ಆಯ್ತು.

'ನನಗೆ' ಅನ್ನೋದನ್ನೂ ಮರೆಯೋ ಹಾಗಿಲ್ಲ. ನಮಗೆ ಖುಷಿ, ಭಯ, ಹಸಿವು, ಜ್ವರ ಎಲ್ಲ 'ಆಗುತ್ತೆ', 'ಬರುತ್ತೆ'. ಭಾವ ಮನೆಗೆ ಬರೋ ನೆಂಟರ ಹಾಗೆ. ಎಸ್.ಎನ್. ಶ್ರೀಧರ್ ಅವರು 1990ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣದಲ್ಲಿ ಇಂಥ 'ನನಗೆ' ವಾಕ್ಯಗಳ ವಿವರ ಸಿಗುತ್ತೆ. ಇಂಗ್ಲಿಷ್ 'ಐ ಆ್ಯಮ್' ಅಂತ ಭಾವವನ್ನ ಮೈಮೇಲೇ ಹಾಕಿಕೊಳ್ಳುತ್ತೆ. ಅದಕ್ಕೆ ಒಗ್ಗದ ಮಕ್ಕಳಿಗೆ ನಾನು 'ಇಟ್ ಮೇಕ್ಸ್ ಮಿ ಸ್ಯಾಡ್ ದಟ್' ಅನ್ನೋದನ್ನ ಮೊದಲು ಕೊಡ್ತೀನಿ. ನಮ್ಮ 'ನನಗೆ ಬೇಜಾರು' ಅನ್ನೋದಕ್ಕೆ ಹತ್ತಿರದ ನೆಂಟ ಅದು.

'ದಟ್' ಬಿಡಬಹುದಾ ಅಂತ ಎಲ್ಲರೂ ಕೇಳ್ತಾರೆ. ಬಿಡಬಹುದು. 'ಐ ಆ್ಯಮ್ ಗ್ಲ್ಯಾಡ್ ಯು ಕೇಮ್' ಮಾತಿನಲ್ಲಿ ಇನ್ನೂ ಸಹಜ. ಗ್ಲ್ಯಾಡ್, ಸಾರಿ, ಅಫ್ರೇಡ್‌ನಂಥ ಸಣ್ಣ ಪದಗಳ ಹಿಂದೆ ಅದು ಸುಲಭವಾಗಿ ಬಿದ್ದುಹೋಗುತ್ತೆ. 'ಮೈ ಫಿಯರ್ ದಟ್', 'ದ ಹೋಪ್ ದಟ್' ಅಂತ ಭಾವ ನಾಮಪದವಾಗಿ ನಿಂತಾಗ ಮಾತ್ರ ಉಳಿಸಿಕೊಳ್ಳೋದು ಒಳ್ಳೇದು. ಉಚ್ಚಾರದಲ್ಲೂ ಒಂದು ಗುಟ್ಟಿದೆ. ಬೆರಳು ತೋರಿಸೋ ಪದ 'ದ್ಯಾಟ್' ಅಂತ ಬಾಯಿ ತುಂಬ ಬರುತ್ತೆ. ವಾಕ್ಯ ಜೋಡಿಸೋ ಪದ 'ದಟ್' ಅಂತ ಮೆಲ್ಲಗೆ ಜಾರಿಹೋಗುತ್ತೆ. 'ಸಾರಿ ಟು ಹಿಯರ್ ದ್ಯಾಟ್' ಅನ್ನೋದರಲ್ಲಿ ಇರೋದು ಮೊದಲನೆಯದು. ಅದನ್ನ ಬಿಟ್ಟರೆ ವಾಕ್ಯವೇ ಕುಂಟುತ್ತೆ.

ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಐದರ ಹೊತ್ತಿಗೆ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಮೆಸೇಜ್ ಬಂತು. ಅವರ ಲೈನ್ ಮನೆಯ ಹಿಂದಿನ ತೋಟದಲ್ಲಿ ಆನೆಗಳು ನಿಂತಿದ್ದವು. "ಮಿಸ್, ಐ ಆ್ಯಮ್ ಅಫ್ರೇಡ್ ದಟ್ ಐ ಕೆನಾಟ್ ಕಮ್ ಟುಡೇ." ಇದು ಆಫೀಸಿನ ಅಫ್ರೇಡೋ, ನಿಜವಾದ ಅಫ್ರೇಡೋ ಅಂತ ನಾನು ಕೇಳೋಕೆ ಹೋಗಲಿಲ್ಲ. "ಬರಬೇಡ ಕಣಮ್ಮ, ಬಾಗಿಲು ಹಾಕ್ಕೊಂಡು ಒಳಗಿರು" ಅಂತ ಕನ್ನಡದಲ್ಲೇ ಬರೆದು ಕಳಿಸಿದೆ.